ಎರಡು ಸಲ ತಿರುಗಿದ ಮುಳ್ಳು

ಗೋಡೆಯ ಮೇಲಿನ ಗಡಿಯಾರಗಳನ್ನು ಇಳಿಸು ಎಂದು ತಮ್ಮ ನನಗೆ ಹೇಳಿ ಮೂರು ದಿನವಾಗಿತ್ತು. ನಾಳೆ ಬಣ್ಣ ಬಳಿಯುವವರು ಬರುತ್ತಾರೆ, ಅವರ ಕೈಗೆ ಬಿಟ್ಟರೆ ಒಂದಾದರೂ ಒಡೆಯುತ್ತದೆ, ಆಮೇಲೆ ನೀನು ತಿಂಗಳುಗಟ್ಟಲೆ ಮುಖ ಊದಿಸಿಕೊಂಡು ಓಡಾಡುತ್ತೀಯ ಎಂದಿದ್ದ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೂ ನಾನು ಮೂರು ದಿನ ಕೇಳಿಸದವಳ ಹಾಗೆ ಇದ್ದೆ. ಒಂಬತ್ತರಲ್ಲಿ ಎಂಟನ್ನು ಇಳಿಸುವುದು ನನಗೆ ಕಷ್ಟವಲ್ಲ. ಎಡಗಡೆಯಿಂದ ನಾಲ್ಕನೆಯದನ್ನು ಮುಟ್ಟುವುದಕ್ಕೆ ಮಾತ್ರ ಧೈರ್ಯ ಬೇಕಿತ್ತು. ಹದಿನಾಲ್ಕು ವರ್ಷದ ಹಿಂದೆ ಒಂದು ಸೋಮವಾರ ಬೆಳಿಗ್ಗೆ ಅದರ ಮುಳ್ಳನ್ನು ನಾನು ತಿರುಗಿಸಿದ್ದೆ. ಅದನ್ನು ಹೇಳಬೇಕಾಗಿದ್ದದ್ದು ಅತ್ತೆಗೆ, ಅಂದರೆ ಅಪ್ಪನ ಅಕ್ಕನಿಗೆ. ಹೇಳಿರಲಿಲ್ಲ. ಅತ್ತೆಗೆ ಈಗ ಎಪ್ಪತ್ತೆಂಟು.

ನಮ್ಮ ಮನೆಯವರ ಈ ಕಸುಬನ್ನು ಹೊರಗಿನವರಿಗೆ ವಿವರಿಸುವುದೇ ಒಂದು ಕೆಲಸ. ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಸುವವರು, ಹೂವು, ಮೀನು ತಣ್ಣಗಿಡುವ ಕೋಣೆಗಳನ್ನು ಇಟ್ಟುಕೊಂಡವರು, ಅಣಬೆ ಬೆಳೆಯುವವರು, ಇವರೆಲ್ಲರಿಗೂ ಒಂದೇ ಭಯ. ತಾವು ಆ ಕಡೆ ತಿರುಗಿದಾಗ ಈ ಕಡೆ ಕೋಣೆಯ ಕಾವು ಏರಿಬಿಟ್ಟರೆ, ಇಳಿದುಬಿಟ್ಟರೆ ಎಂಬ ಭಯ. ಅಂಥವರ ಕೋಣೆಯಲ್ಲಿ ನಮ್ಮದೊಂದು ಪುಟ್ಟ ಡಬ್ಬಿ ಇರುತ್ತದೆ. ಅಲ್ಲಿಯ ಕಾವು ಎಷ್ಟಿದೆ ಎಂದು ಅದು ಫೋನಿನ ಲೈನಿನಲ್ಲಿ ನಮ್ಮ ಹಿಂದಿನ ಕೋಣೆಯ ದೊಡ್ಡ ಯಂತ್ರಕ್ಕೆ ತಿಳಿಸುತ್ತಿರುತ್ತದೆ. ಹೆಚ್ಚುಕಮ್ಮಿಯಾದರೆ ನಮ್ಮ ಯಂತ್ರ ಅವರ ಮನೆಯ ಬೆಲ್ ಹೊಡೆಯುತ್ತದೆ, ಅವರು ಓಡುತ್ತಾರೆ. ಅವರ ಬದಲು ನಾವು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿರುತ್ತೇವೆ, ಅಷ್ಟೆ.

ಆ ಯಂತ್ರಕ್ಕೆ ಮೂರು ತಿಂಗಳಿಗೊಮ್ಮೆ ಸರ್ವೀಸ್ ಆಗಬೇಕು. ಅಪ್ಪ ಅದನ್ನು ಎರಡು ಗಂಟೆ ಆಫ್ ಮಾಡಿ, ಧೂಳು ಊದಿ, ಒಂದೊಂದೇ ತಂತಿ ಮುಟ್ಟಿ ನೋಡುತ್ತಿದ್ದರು. ಆ ಎರಡು ಗಂಟೆ ಯಾರ ಮನೆಯಲ್ಲೂ ಬೆಲ್ ಹೊಡೆಯುವುದಿಲ್ಲ, ಗಿರಾಕಿಗಳೇ ತಮ್ಮ ಕೋಣೆಯಲ್ಲಿ ಕೂತು ಕಾಯಬೇಕು. ಯಾವ ಎರಡು ಗಂಟೆ ಎಂದು ಅವರಿಗೆ ಮೊದಲೇ ತಿಳಿಸಬೇಕು. ಗಿರಾಕಿಗಳಿದ್ದದ್ದು ಒಂಬತ್ತು ದೇಶಗಳಲ್ಲಿ. ನಮಗೆ ಸಂಜೆಯಾದಾಗ ಒಬ್ಬರಿಗೆ ಮಧ್ಯಾಹ್ನ, ಒಬ್ಬರಿಗೆ ಬೆಳಗಿನ ಜಾವ, ಇನ್ನೊಬ್ಬರಿಗೆ ಆಗಲೇ ನಾಳೆ. ಹೀಗೆ ತಿಳಿಸುವ ಕೆಲಸ ಅತ್ತೆಯದಾಗಿತ್ತು.

ಅತ್ತೆ ಗಂಡ ತೀರಿಕೊಂಡ ಮೇಲೆ ನಮ್ಮ ಜೊತೆ ಇದ್ದರು. ಹತ್ತು ದಿನ ಸುಮ್ಮನೆ ಕೂತು, ಹನ್ನೊಂದನೆಯ ದಿನ ಅಪ್ಪನ ಆಫೀಸಿಗೆ ಬಂದು, ಅಲ್ಲಿ ನಡೆಯುತ್ತಿದ್ದ ಅಧ್ವಾನ ನೋಡಿ ಕುರ್ಚಿ ಎಳೆದುಕೊಂಡು ಕೂತವರು ಇಪ್ಪತ್ತೆರಡು ವರ್ಷ ಏಳಲಿಲ್ಲ. ಮುಚ್ಚಿಹೋದ ಯಾವುದೋ ಹಡಗು ಕಂಪನಿಯ ಆಫೀಸಿನಿಂದ ಅಪ್ಪ ಒಂಬತ್ತು ಹಳೆಯ ಗೋಡೆ ಗಡಿಯಾರಗಳನ್ನು ತಂದು, ಒಳಗೆ ಬ್ಯಾಟರಿ ಕೂರಿಸಿ ಸಾಲಾಗಿ ನೇತುಹಾಕಿದ್ದರು. ಒಂದೊಂದು ಗಡಿಯಾರಕ್ಕೂ ಮುಂದೆ ಗಾಜಿನ ಬಾಗಿಲು. ಅದನ್ನು ತೆರೆದು ಬೆರಳಿನಿಂದ ಮುಳ್ಳು ತಿರುಗಿಸಬಹುದಿತ್ತು. ಪ್ರತಿ ಗಡಿಯಾರದ ಕೆಳಗೂ ಅತ್ತೆ ಒಂದು ರಟ್ಟಿನ ಚೀಟಿಯನ್ನು ಪಿನ್ನು ಹೊಡೆದು ಕೂರಿಸಿದ್ದರು. ಆ ದೇಶದ ಗಿರಾಕಿಯ ದಿನಚರಿ ಅದರಲ್ಲಿ ಇರುತ್ತಿತ್ತು. ‘ಐದಕ್ಕೆ ಏಳುತ್ತಾರೆ. ಏಳಕ್ಕೆ ಮೀನಿನ ಲಾರಿ. ಒಂದಕ್ಕೆ ಊಟ. ಮೂರಕ್ಕೆ ಮಗಳು ಸ್ಕೂಲಿನಿಂದ. ಭಾನುವಾರ ಮಾವನ ಮನೆ, ಫೋನ್ ಎತ್ತುವುದಿಲ್ಲ.’

ಇದೆಲ್ಲ ಯಾಕೆ ಎಂದು ನಾನು ಸೇರಿದ ಹೊಸದರಲ್ಲಿ ಕೇಳಿದ್ದೆ. ಆಗ ನನಗೆ ಇಪ್ಪತ್ತಾರು, ಬಾಯಿ ಜೋರು.

"ಅವರಿಗೆ ಒಂದರಿಂದ ಮೂರು ಅಂತ ಹೇಳಿದ್ರೆ ಆಯ್ತಪ್ಪ. ಅವರು ಊಟ ಮಾಡೋದನ್ನೆಲ್ಲ ಕಟ್ಕೊಂಡು ನಮಗೇನು ಅತ್ತೆ?"

"ಒಂದು ಗಂಟೆ ಅಂದ್ರೆ ಮರೀತಾರೆ ಕಣೇ," ಎಂದಿದ್ದರು ಅತ್ತೆ. "ಊಟ ಮುಗಿಸಿ ಕೈ ತೊಳ್ಕೊಂಡು ನೇರ ಕೋಣೆಗೆ ಹೋಗಿ ಅಂದ್ರೆ ಮರೆಯಲ್ಲ."

ಅವರು ಫೋನ್ ಮಾಡುವುದಕ್ಕೂ ಒಂದು ಕ್ರಮ ಇತ್ತು, ಅದನ್ನು ಯಾರೂ ದಾಟುವಂತಿರಲಿಲ್ಲ. ಫೋನ್ ಎತ್ತಿದ ಕೂಡಲೇ ಮೊದಲು ಕೇಳಬೇಕಾದದ್ದು, "ಈಗ ನಿಮ್ಮಲ್ಲಿ ಎಷ್ಟು ಗಂಟೆ?" ಅವರು ಹೇಳಿದ್ದನ್ನು ಗೋಡೆಯ ಗಡಿಯಾರದ ಜೊತೆ ಹೋಲಿಸಿ ನೋಡಬೇಕು. ಆಮೇಲೆ ಸರ್ವೀಸಿನ ದಿನ, ಹೊತ್ತು, ಆ ಹೊತ್ತಿಗೆ ಅವರು ಏನು ಮಾಡುತ್ತಿರುತ್ತಾರೆ ಎಂಬುದು. ಕೊನೆಗೆ, "ಈಗ ನೀವು ತಿರುಗಿ ಹೇಳಿ." ಗಿರಾಕಿ ತನ್ನ ಬಾಯಲ್ಲಿ ಪೂರ್ತಿ ತಿರುಗಿ ಹೇಳುವ ತನಕ ಅತ್ತೆ ಫೋನ್ ಇಡುತ್ತಿರಲಿಲ್ಲ. ಮಂಜುಗಡ್ಡೆ ಮಾಡುವ ಒಬ್ಬ ಯಜಮಾನರಿದ್ದರು, ನಾವು ಅವರನ್ನು ಐಸಣ್ಣ ಎನ್ನುತ್ತಿದ್ದೆವು. ಅವರಿಗೆ ಈ ಪಾಠ ಒಪ್ಪಿಸುವುದು ಎಂದರೆ ಆಗುತ್ತಿರಲಿಲ್ಲ. "ಗೊತ್ತಾಯ್ತು ಬಿಡೀಮ್ಮ, ನಾನೇನು ಒಂದನೇ ಕ್ಲಾಸಾ," ಎನ್ನುತ್ತಿದ್ದರು. ಅತ್ತೆ ಏನೂ ಹೇಳದೆ ಫೋನ್ ಕಿವಿಗೆ ಹಿಡಿದು ಕೂತಿರುತ್ತಿದ್ದರು. ಎರಡು ನಿಮಿಷ ಆದ ಮೇಲೆ ಐಸಣ್ಣ ಗೊಣಗುತ್ತ ಒಪ್ಪಿಸುತ್ತಿದ್ದರು, ಒಮ್ಮೊಮ್ಮೆ ವಾರವನ್ನೇ ತಪ್ಪಾಗಿ. ಆಗ ಅತ್ತೆ ನನ್ನ ಕಡೆ ನೋಡಿ ಹುಬ್ಬು ಏರಿಸುತ್ತಿದ್ದರು.

ಯಾವ ಹೊತ್ತು ಇಟ್ಟರೂ ಒಂಬತ್ತರಲ್ಲಿ ಒಬ್ಬರಿಗಾದರೂ ಕೆಟ್ಟ ಹೊತ್ತೇ ಬರುತ್ತದೆ. ಯಾರಿಗೆ ಯಾವ ಸಲ ನಿದ್ದೆ ಕೆಟ್ಟಿತು ಎಂದು ಅತ್ತೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಮುಂದಿನ ಸಲ ಅವರನ್ನು ಬಿಟ್ಟು ಬೇರೆಯವರ ನಿದ್ದೆಗೆ ಕೈ ಹಾಕುತ್ತಿದ್ದರು. "ಕಷ್ಟ ಕೊಡೋದು ತಪ್ಪಲ್ಲ, ಒಬ್ಬರಿಗೇ ಕೊಡ್ತಾ ಇರೋದು ತಪ್ಪು," ಎಂದು ಅಪ್ಪನಿಗೆ ಹೇಳಿದ್ದು ನನಗೆ ನೆನಪಿದೆ. ಆ ಆಫೀಸಿನ ಮಧ್ಯಾಹ್ನಗಳು ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿವೆ. ಒಂಬತ್ತು ಗಡಿಯಾರಗಳ ಟಿಕ್‌ಟಿಕ್, ಹಿಂದಿನ ಕೋಣೆಯಿಂದ ಅಪ್ಪನ ಸ್ಕ್ರೂಡ್ರೈವರಿನ ಸದ್ದು, ಬಿಸಿಲಿಗೆ ಅರ್ಧ ಎಳೆದ ಪರದೆ, ಅತ್ತೆಯ ಟೀ ಲೋಟದ ಮೇಲೆ ಮುಚ್ಚಿದ ತಟ್ಟೆ. ನನ್ನನ್ನು ಅವರು ಹೆಸರು ಹಿಡಿದು ಕರೆದದ್ದೇ ಕಡಿಮೆ. "ಏ ಗಡಿಬಿಡಿ, ಬಾ ಇಲ್ಲಿ," ಎನ್ನುತ್ತಿದ್ದರು. ಆ ಅಡ್ಡಹೆಸರು ನನಗೆ ಸುಮ್ಮನೆ ಬಂದದ್ದಲ್ಲ.

ಗಡಿಯಾರಗಳ ವಿಷಯದಲ್ಲಿ ಇನ್ನೊಂದು ತೊಡಕಿತ್ತು. ಕೆಲವು ದೇಶಗಳಲ್ಲಿ ಚಳಿ ಕಳೆದ ಮೇಲೆ ಒಂದು ಭಾನುವಾರ ಊರಿಗೆ ಊರೇ ಗಡಿಯಾರವನ್ನು ಒಂದು ಗಂಟೆ ಮುಂದೆ ತಳ್ಳಿಕೊಳ್ಳುತ್ತದೆ, ಚಳಿ ಬರುವಾಗ ಹಿಂದೆ. ನಮ್ಮಲ್ಲಿ ಆ ಪದ್ಧತಿ ಇಲ್ಲ. ಹಾಗಾಗಿ ಅವರು ತಳ್ಳಿದಾಗಲೆಲ್ಲ ನಾವು ಗೋಡೆಯ ಮೇಲೆ ತಳ್ಳಬೇಕಿತ್ತು. ಭಾನುವಾರ ಆಫೀಸಿಗೆ ರಜೆ. ಅತ್ತೆ ಹಿಂದಿನ ಶನಿವಾರ ಸಂಜೆ ಮನೆಗೆ ಹೊರಡುವ ಮುಂಚೆ ಸ್ಟೂಲ್ ಹಾಕಿಕೊಂಡು ಹತ್ತಿ, ಗಾಜು ತೆರೆದು, ಮುಳ್ಳು ತಿರುಗಿಸಿ, ಸೆರಗಿನಿಂದ ಗಾಜು ಒರೆಸಿ ಇಳಿಯುತ್ತಿದ್ದರು.

ಎಡದಿಂದ ನಾಲ್ಕನೆಯ ಗಡಿಯಾರ ಬಾತುಕೋಳಿಯಮ್ಮನದು. ಮರಿ ಮಾಡಿಸಿ ಮಾರುವ ಹೆಂಗಸು, ಒಂಟಿಯಾಗಿ ಮಗನನ್ನು ಸಾಕುತ್ತಿದ್ದವರು. ಚಳಿಗಾಲದಲ್ಲಿ ಅವರು ನಮಗಿಂತ ಐದೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ನಾಲ್ಕೂವರೆ. ಅತ್ತೆಗೂ ಅವರಿಗೂ ಒಂದು ಬಗೆಯ ಸ್ನೇಹ ಬೆಳೆದಿತ್ತು. ಸರ್ವೀಸಿನ ಮಾತು ಮುಗಿದ ಮೇಲೆ ಅವರು ಫೋನನ್ನು ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಯ ಹತ್ತಿರ ಹಿಡಿದು ಮರಿಗಳ ಚಿಂವ್‌ಚಿಂವ್ ಕೇಳಿಸುತ್ತಿದ್ದರು. ಅತ್ತೆ ನನ್ನನ್ನು ಕರೆದು ನನ್ನ ಕಿವಿಗೂ ಹಿಡಿಯುತ್ತಿದ್ದರು.

ಆ ವರ್ಷ ಅತ್ತೆಯ ಮಂಡಿ ಹಿಡಿದುಕೊಂಡಿತ್ತು. ಸ್ಟೂಲ್ ಮುಟ್ಟಿದರೆ ನೋಡು ಎಂದು ಅಪ್ಪ ಕೂಗಾಡಿದ್ದರು. ಹತ್ತುವುದಿಲ್ಲ ಮಾರಾಯ ಎಂದು ಅತ್ತೆ ಮಾತು ಕೊಟ್ಟಿದ್ದರು. ಬಾತುಕೋಳಿಯಮ್ಮನ ದೇಶದಲ್ಲಿ ಗಡಿಯಾರ ತಳ್ಳುವ ಭಾನುವಾರ ಕಳೆದು ಸೋಮವಾರ ಬಂತು. ಅತ್ತೆಗೆ ನೆಗಡಿ, ಬರುವುದಿಲ್ಲ ಎಂದು ಅಪ್ಪ ಹೇಳಿದರು. ಬುಧವಾರ ಸರ್ವೀಸ್, ಎಲ್ಲರಿಗೂ ಅವತ್ತೇ ತಿಳಿಸಬೇಕು. ಮೊದಲನೆಯ ಸಲ ಪೂರ್ತಿ ಕೆಲಸ ನನ್ನ ಕೈಗೆ ಬಂದಿತ್ತು. ನನಗಂತೂ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಬೇಗ ಬಂದೆ. ನಾಲ್ಕನೆಯ ಗಡಿಯಾರ ನೆನಪಾಯಿತು. ಅತ್ತೆ ಹತ್ತಿಲ್ಲ, ಮಾತು ಕೊಟ್ಟಿದ್ದಾರೆ. ಫೋನ್ ಮಾಡಿ ಕೇಳಬಹುದಿತ್ತು. ಕೇಳಿದರೆ ಅವರ ಮಂಡಿಯನ್ನು ಎತ್ತಿ ಆಡಿದಂತಾಗುತ್ತದೆ ಎಂದುಕೊಂಡೆ. ಸ್ಟೂಲ್ ಹತ್ತಿ ಗಾಜು ತೆರೆದು ಮುಳ್ಳನ್ನು ಒಂದು ಸುತ್ತು ಮುಂದೆ ತಿರುಗಿಸಿ ಇಳಿದೆ. ನಮ್ಮ ಗಂಟೆಗೂ ಅದಕ್ಕೂ ಎಷ್ಟು ವ್ಯತ್ಯಾಸ ಎಂದು ಎಣಿಸಿ ನೋಡಲಿಲ್ಲ. ಮಾಡಬೇಕಾದ್ದು ಮಾಡಿದ್ದೇನೆ, ಎಣಿಸುವುದೇನು ಎಂಬ ಧಿಮಾಕು.

ಒಂದೊಂದಾಗಿ ಫೋನ್ ಮಾಡುತ್ತ ಬಂದೆ. ಎಲ್ಲರ ಹತ್ತಿರವೂ ಮೊದಲು ಗಂಟೆ ಕೇಳಿದೆ, ಕೊನೆಗೆ ತಿರುಗಿ ಹೇಳಿಸಿದೆ. ಬಾತುಕೋಳಿಯಮ್ಮ ಫೋನ್ ಎತ್ತಿದವರೇ, "ಯಾರು, ಹುಡುಗೀನಾ? ಬೇಗ ಹೇಳಮ್ಮ, ಕೈಯೆಲ್ಲ ಒದ್ದೆ, ಖಾಲಿ ತಟ್ಟೆಗಳನ್ನ ತೊಳೀತಾ ಇದೀನಿ," ಎಂದರು. ಅವರ ಗಂಟೆ ಕೇಳುವುದನ್ನು ನಾನು ಬಿಟ್ಟೆ. ಮರೆತದ್ದಲ್ಲ, ಬಿಟ್ಟದ್ದು. ಈಗಷ್ಟೇ ನನ್ನ ಕೈಯಾರೆ ಸರಿಮಾಡಿದ ಗಡಿಯಾರ ಎದುರಿಗೇ ಇದೆ, ಅವಸರದಲ್ಲಿರುವ ಹೆಂಗಸನ್ನು ಗಂಟೆ ಎಷ್ಟು ಎಂದು ಕೇಳಿ ಪೆದ್ದಿ ಅನ್ನಿಸಿಕೊಳ್ಳುವುದು ಯಾಕೆ ಎನ್ನಿಸಿತು. ನಮ್ಮ ನಾಲ್ಕೂವರೆಗೆ ಗೋಡೆಯ ಪ್ರಕಾರ ಅವರದು ಒಂದು ಗಂಟೆ ಆಗುತ್ತಿತ್ತು. ಅದನ್ನೇ ಹೇಳಿದೆ. ಅವರು ತಿರುಗಿ ಹೇಳಿದರು.

"ಬುಧವಾರ, ಒಂದರಿಂದ ಮೂರು. ಊಟ ಮುಗಿಸಿ ಒಳಗೆ ಹೋಗಿ ಕೂತ್ಕೋತೀನಿ. ಸರಿನಾ?"

"ಸರಿ," ಎಂದೆ.

ಬುಧವಾರ ನಾಲ್ಕೂವರೆಗೆ ಅಪ್ಪ ಯಂತ್ರ ಆಫ್ ಮಾಡಿದರು. ಐದೂ ಮೂವತ್ತೈದಕ್ಕೆ ಫೋನ್ ಬಂತು. ಬಾತುಕೋಳಿಯಮ್ಮನ ದನಿ ನನಗೆ ಗುರುತೇ ಸಿಗಲಿಲ್ಲ.

"ಈಗ ತಾನೆ ಒಳಗೆ ಬಂದೆ. ಪೆಟ್ಟಿಗೆಯ ಫ್ಯಾನ್ ನಿಂತುಬಿಟ್ಟಿದೆ, ಒಳಗೆ ಕೈ ಇಡೋಕಾಗ್ತಿಲ್ಲ. ಬೆಲ್ ಯಾಕಮ್ಮ ಹೊಡೀಲಿಲ್ಲ? ಒಂದಕ್ಕೆ ತಾನೆ ನೀವು ಆಫ್ ಮಾಡೋದು?"

"ಆಫ್ ಮಾಡಿ ಒಂದು ಗಂಟೆ ಆಯ್ತಲ್ಲ," ಎಂದೆ. ಗೋಡೆ ನೋಡಿದೆ. ನಾಲ್ಕನೆಯ ಗಡಿಯಾರ ಎರಡೂ ಐದು ತೋರಿಸುತ್ತಿತ್ತು. ಆಗ ನನ್ನ ಬಾಯಿಂದ ಸೋಮವಾರ ಬರಬೇಕಾಗಿದ್ದ ಮಾತು ಬಂತು. "ಈಗ ನಿಮ್ಮಲ್ಲಿ ಎಷ್ಟು ಗಂಟೆ?"

"ಒಂದೂ ಐದು," ಎಂದರು ಅವರು.

ಎರಡು ಸಾವಿರದ ನಾನೂರು ಮೊಟ್ಟೆಗಳು ಆ ಪೆಟ್ಟಿಗೆಯಲ್ಲಿದ್ದವು, ಇನ್ನು ನಾಲ್ಕು ದಿನಕ್ಕೆ ಒಡೆಯಬೇಕಾದವು. ಮರಿಯಾದದ್ದು ನೂರಾ ಹನ್ನೊಂದು. ಅವರು ನಮ್ಮ ಮೇಲೆ ಕೂಗಾಡಲಿಲ್ಲ. ಬೈದಿದ್ದರೆ ನನಗೆ ಅಷ್ಟು ಸಂಕಟ ಆಗುತ್ತಿರಲಿಲ್ಲವೇನೋ. "ನೀನು ಹೇಳಿದ ಗಂಟೆಗೆ ಸರಿಯಾಗಿ ಬಂದೆನಲ್ಲಮ್ಮ," ಎಂದಷ್ಟೇ ಹೇಳಿದರು.

ಗುರುವಾರ ಬೆಳಿಗ್ಗೆ ಅತ್ತೆ ಕುಂಟುತ್ತ ಬಂದರು. ವಿಷಯ ಅವರಿಗೆ ಮನೆಯಲ್ಲೇ ಗೊತ್ತಾಗಿತ್ತು. ಬಂದವರು ಕೂರದೆ ಗೋಡೆಯ ಮುಂದೆ ನಿಂತು ನಾಲ್ಕನೆಯ ಗಡಿಯಾರ ನೋಡಿದರು, ನಮ್ಮ ಗಡಿಯಾರ ನೋಡಿದರು, ಬೆರಳು ಮಡಿಸಿದರು. ನಾನು ಮೇಜಿನ ಈಚೆ ನಿಂತಿದ್ದೆ. ರಾತ್ರಿಯೆಲ್ಲ ಯೋಚಿಸಿದರೂ ನನಗೆ ಲೆಕ್ಕ ಹತ್ತಿರಲಿಲ್ಲ. ನಾನು ತಿರುಗಿಸಿದ್ದು ಒಂದೇ ಸುತ್ತು, ಒಂದು ಗಂಟೆ ಹೆಚ್ಚಾದದ್ದು ಹೇಗೆ? ಏನಾದರಾಗಲಿ, ಮುಟ್ಟಿದವಳು ನಾನು, ಹೇಳಿಬಿಡಬೇಕು ಎಂದು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಹಿಂದಿನ ಕೋಣೆಯಿಂದ ಬಂದರು.

"ಆ ಗಡಿಯಾರ ಮುಟ್ಟಿದ್ದು ಯಾರು?"

"ನಾನೇ," ಎಂದರು ಅತ್ತೆ. "ಶನಿವಾರ ಹತ್ತಿದ್ದೆ. ಎರಡು ಸುತ್ತು ತಿರುಗಿಸಿಬಿಟ್ಟೆ ಅನ್ಸುತ್ತೆ ಕಣೋ."

ಅಪ್ಪನಿಗೆ ಸಿಟ್ಟು ನೆತ್ತಿಗೇರಿತ್ತು. "ಹತ್ತಬೇಡ ಅಂತ ಹೇಳಿರಲಿಲ್ವೇನೇ ಅಕ್ಕ? ಮಂಡಿ ಊದಿಸ್ಕೊಂಡು ನೆಗಡಿ ಅಂತ ಸುಳ್ಳು ಬೇರೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲ ತಪ್ಪಿರಲಿಲ್ಲ ನೀನು."

"ವಯಸ್ಸಾಯ್ತಲ್ಲಪ್ಪ," ಎಂದರು ಅತ್ತೆ.

ಆಗ ನನಗೆ ಎಲ್ಲ ತಿಳಿಯಿತು. ಶನಿವಾರ ಅವರು ಕದ್ದು ಹತ್ತಿ ತಿರುಗಿಸಿದ್ದರು, ಸೋಮವಾರ ನಾನು ಅವರನ್ನು ಉಳಿಸಲು ಹೋಗಿ ಮತ್ತೆ ತಿರುಗಿಸಿದ್ದೆ. ನನ್ನ ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ಯಾಕೆ ಮುಚ್ಚಿಕೊಂಡಿತು ಎಂದು ನೂರು ಸಲ ಕೇಳಿಕೊಂಡಿದ್ದೇನೆ. ಅಪ್ಪನ ಸಿಟ್ಟಿನ ಹೆದರಿಕೆ ಒಂದು. ಹೇಗೂ ಅತ್ತೆ ಒಪ್ಪಿಕೊಂಡಾಯಿತಲ್ಲ ಎಂಬ ಹೇಡಿತನ ಇನ್ನೊಂದು. ಸಂಜೆ ಹೇಳೋಣ ಎಂದುಕೊಂಡೆ, ಸಂಜೆ ಅವರು ಬಾತುಕೋಳಿಯಮ್ಮನ ಜೊತೆ ಫೋನಿನಲ್ಲಿದ್ದರು. ದಿನಾ ಒಂದು ವಾರ ಫೋನ್ ಮಾಡಿ ಕ್ಷಮೆ ಕೇಳಿದರು. ಆ ಗಿರಾಕಿ ನಮ್ಮನ್ನು ಬಿಟ್ಟು ಹೋಗದೆ ಉಳಿದದ್ದು ಅತ್ತೆಯಿಂದಲೇ. ಆಮೇಲೆ ಹೇಳುವುದಕ್ಕೆ ತಡವಾಯಿತು, ತಡವಾದದ್ದಕ್ಕೆ ಇನ್ನಷ್ಟು ತಡವಾಯಿತು.

ತಿಂಗಳು ಮುಗಿಯುವ ಹೊತ್ತಿಗೆ ಅತ್ತೆ ಕುರ್ಚಿ ಬಿಟ್ಟರು. ಮಗಳು ಬಹಳ ದಿನದಿಂದ ತನ್ನ ದೇಶಕ್ಕೆ ಕರೆಯುತ್ತಿದ್ದಳು, ಈಗ ಹೋಗುತ್ತೇನೆ ಎಂದರು. ಹೋಗುವ ಮುಂಚೆ ಮನೆಯಲ್ಲಿ ಪ್ರತಿಯೊಂದನ್ನೂ ಎರಡೆರಡು ಸಲ ಕೇಳುತ್ತಿದ್ದರು. ಗ್ಯಾಸ್ ಆರಿಸಿದೆನಾ ನೋಡೇ. ಬೀಗ ಹಾಕಿದೆನಾ ನೋಡೇ. "ನನ್ನ ತಲೆ ನಂಬಬೇಡಿಪ್ಪ, ಒಂದಕ್ಕೆ ಎರಡು ಸುತ್ತು ತಿರುಗಿಸೋ ತಲೆ," ಎಂದು ನಗುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನು ಎದ್ದು ಹೋಗಿ ಗ್ಯಾಸ್ ಇನ್ನೊಮ್ಮೆ ನೋಡಿ ಬರುತ್ತಿದ್ದೆ.

ಅಪ್ಪ ಈಗಿಲ್ಲ. ತಮ್ಮ ಕೂರಿಸಿರುವ ಪ್ರೋಗ್ರಾಂ ಒಂದು ಗುಂಡಿ ಒತ್ತಿದರೆ ಗಿರಾಕಿಗಳ ಫೋನಿಗೆ ಅವರವರ ಗಂಟೆಯಲ್ಲೇ ಸಂದೇಶ ಕಳಿಸುತ್ತದೆ. ತಪ್ಪುವುದಿಲ್ಲ, ಅದು ಒಪ್ಪಬೇಕಾದ ಮಾತು. ಊಟ ಮುಗಿಸಿ ಕೈ ತೊಳೆದುಕೊಂಡು ಹೋಗಿ ಎಂದು ಮಾತ್ರ ಅದು ಯಾರಿಗೂ ಹೇಳುವುದಿಲ್ಲ. ಸಂದೇಶ ತಲುಪಿದ ಮೇಲೂ ಐಸಣ್ಣ ಫೋನ್ ಮಾಡುತ್ತಾರೆ. "ನಾನು ಪಾಠ ಒಪ್ಪಿಸಬೇಕಾ ಬೇಡ್ವಾ?" ಎನ್ನುತ್ತಾರೆ. ಒಪ್ಪಿಸಿ ಎನ್ನುತ್ತೇನೆ, ಒಪ್ಪಿಸುತ್ತಾರೆ.

ಇವತ್ತು ಬೆಳಿಗ್ಗೆ ಹತ್ತೂವರೆಗೆ ಸ್ಟೂಲ್ ಹತ್ತಿದೆ. ಮೊದಲು ಮೂರು ಗಡಿಯಾರ ಇಳಿಸಿದೆ. ನಾಲ್ಕನೆಯದರ ಹತ್ತಿರ ಬಂದು, ಕೆಳಗಿನ ರಟ್ಟಿನ ಚೀಟಿಯ ಪಿನ್ನು ಕಿತ್ತೆ. ಚೀಟಿ ಕೈಯಲ್ಲಿ ಮಗುಚಿಕೊಂಡಿತು. ಹಿಂದೆ ಅತ್ತೆಯ ಅಕ್ಷರ. ಇಷ್ಟು ವರ್ಷ ಆ ಗೋಡೆಯ ಮುಂದೆ ಕೂತವಳು ಒಂದು ಚೀಟಿಯನ್ನೂ ಮಗುಚಿ ನೋಡಿರಲಿಲ್ಲ. ತಾರೀಖುಗಳ ಉದ್ದ ಪಟ್ಟಿ, ಒಂದೊಂದರ ಮುಂದೆ ‘ಮುಂದೆ ಒಂದು’, ‘ಹಿಂದೆ ಒಂದು’. ಗಡಿಯಾರ ತಳ್ಳಿದಾಗಲೆಲ್ಲ ಅವರು ಬರೆದಿಟ್ಟಿದ್ದರು. ಕೊನೆಗೆ ಆ ವರ್ಷದ ಎರಡು ಸಾಲುಗಳು.

‘ಶನಿವಾರ ಸಂಜೆ. ಮುಂದೆ ಒಂದು. ಎಣಿಸಿ ನೋಡಿದೆ, ಸರಿ ಇದೆ.’

‘ಗುರುವಾರ. ಹಿಂದೆ ಒಂದು.’

ಸ್ಟೂಲಿನ ಮೇಲೇ ಕೂತುಬಿಟ್ಟೆ. ಎಣಿಸಿ ನೋಡಿ ಸರಿ ಎಂದು ಬರೆದವರಿಗೆ, ಗುರುವಾರ ಬಂದು ಮುಳ್ಳು ಒಂದು ಗಂಟೆ ಮುಂದಿರುವುದನ್ನು ಕಂಡಾಗ ಗೊತ್ತಾಗದೆ ಇರುತ್ತದೆಯೇ? ಆ ಸೋಮವಾರ ಆಫೀಸಿನಲ್ಲಿದ್ದದ್ದು ನಾನು ಒಬ್ಬಳು, ಅಪ್ಪ ಒಬ್ಬರು. ಅಪ್ಪ ಗಡಿಯಾರ ಮುಟ್ಟುವವರಲ್ಲ. ಅತ್ತೆಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೇ ನನ್ನನ್ನು ಹಿಂದೆ ಸರಿಸಿ ತಾವು ಮುಂದೆ ನಿಂತಿದ್ದರು. ಹದಿನಾಲ್ಕು ವರ್ಷ ಹೊತ್ತ ಭಾರ ಇಳಿದಂತಾಗಿ ನನಗೆ ಅಳು ಬಂತು, ಅದರ ಹಿಂದೆಯೇ ಸ್ವಲ್ಪ ಸಿಟ್ಟೂ ಬಂತು. ಗೊತ್ತಿದ್ದವರು ಒಂದು ಮಾತು ಹೇಳಿದ್ದರೆ ನಾನು ಇಷ್ಟು ವರ್ಷ ನಿದ್ದೆಗೆಡಬೇಕಾಗಿತ್ತೇ?

ನಮ್ಮಲ್ಲಿ ಹನ್ನೊಂದು. ಅತ್ತೆ ಇರುವುದು ಮೂರೂವರೆ ಗಂಟೆ ಹಿಂದೆ. ಎದ್ದು, ಸ್ನಾನ ಮುಗಿಸಿ, ಕಿಟಕಿಯ ಪಕ್ಕ ಕೂತಿರುವ ಹೊತ್ತು. ಫೋನ್ ಮಾಡಿದೆ. ಅವರು ಎತ್ತಿದ ಕೂಡಲೇ ಕೇಳಿದೆ.

"ಅತ್ತೆ, ಈಗ ನಿಮ್ಮಲ್ಲಿ ಎಷ್ಟು ಗಂಟೆ?"

ಅವರು ನಕ್ಕರು. "ಏಳೂ ಮೂವತ್ತೆರಡು. ಏನೇ ಗಡಿಬಿಡಿ, ಸರ್ವೀಸ್ ಇದೆಯೇನು?"

"ನಾಲ್ಕನೇ ಗಡಿಯಾರ ಇಳಿಸ್ತಾ ಇದೀನಿ. ಚೀಟಿ ಹಿಂದೆ ನೀವು ಬರೆದಿದ್ದು ನೋಡ್ದೆ. ನಿಮಗೆ ಅವತ್ತೇ ಗೊತ್ತಿತ್ತು, ಅಲ್ವಾ?"

"ಯಾವತ್ತೇ?"

"ಬಾತುಕೋಳಿಯಮ್ಮನ ಮೊಟ್ಟೆ ಹೋದ ದಿನ. ಸೋಮವಾರ ಬೆಳಿಗ್ಗೆ ನಾನೂ ತಿರುಗಿಸಿದ್ದೆ ಅತ್ತೆ. ನೀವು ಹತ್ತಿರಲ್ಲ ಅಂದ್ಕೊಂಡು. ಫೋನಲ್ಲಿ ಅವರ ಗಂಟೇನೂ ಕೇಳಲಿಲ್ಲ. ಎಲ್ಲ ನಂದೇ."

ಆ ಕಡೆ ಲೋಟ ಕೆಳಗಿಟ್ಟ ಸದ್ದು ಕೇಳಿಸಿತು.

"ನೀನು ತಿರುಗಿಸಿದ್ದೆಯಾ?" ಎಂದರು.

"ನಿಮಗೆ ಗೊತ್ತಿತ್ತಲ್ಲ ಅತ್ತೆ."

"ಗೊತ್ತಿದೆ ಅಂತ ಅಂದ್ಕೊಂಡಿದ್ದೆ ಕಣೇ. ಮೊದಲು ಒಂದೆರಡು ವರ್ಷ ಗೊತ್ತಿತ್ತು. ಹುಡುಗಿ, ಹೆದರಿದಾಳೆ, ಅವಳೇ ಬಂದು ಹೇಳ್ತಾಳೆ ಅಂತ ಕಾದೆ. ನೀನು ಹೇಳಲಿಲ್ಲ. ನಾನು ಎಲ್ಲರ ಹತ್ರ, ನನ್ನ ತಲೆ ಕೆಟ್ಟಿತ್ತು, ಎರಡು ಸುತ್ತು ತಿರುಗಿಸಿದೆ ಅಂತ ಹೇಳ್ತಾ ಬಂದೆ. ಹೇಳಿ ಹೇಳಿ, ಆಮೇಲಾಮೇಲೆ ನನಗೂ ಹಾಗೇ ಆಗಿರಬೇಕು ಅನ್ಸೋಕೆ ಶುರುವಾಯ್ತು. ಅವಳು ತಿರುಗಿಸಿದ್ರೆ ಇಷ್ಟು ವರ್ಷ ಹೇಳದೆ ಇರ್ತಿದ್ಲಾ, ನಾನೇ ಮಗೂನ ಮೇಲೆ ಅನುಮಾನ ಪಡ್ತಿದೀನಿ ಅಂತ. ಈಗ ಮಗಳ ಮನೇಲಿ ನಾನು ಒಲೆ ಮುಟ್ಟಲ್ಲ. ಮಾತ್ರೆ ಕೂಡ ಅವಳೇ ಎಣಿಸಿ ಕೊಡ್ತಾಳೆ. ನನ್ನ ಎಣಿಕೆ ನಾನೇ ನಂಬಲ್ಲ."

ನಾನು ಮುಚ್ಚಿಟ್ಟದ್ದು ನನ್ನ ತಪ್ಪನ್ನು ಮಾತ್ರ ಎಂದುಕೊಂಡಿದ್ದೆ. ಅದರ ಜೊತೆ ಅತ್ತೆಯ ಇಪ್ಪತ್ತೆರಡು ವರ್ಷದ ಎಣಿಕೆಯನ್ನೂ ಮುಚ್ಚಿಟ್ಟುಬಿಟ್ಟಿದ್ದೆ.

ಕೈಯಲ್ಲಿದ್ದ ಚೀಟಿ ಓದಿದೆ. "ನೀವೇ ಬರೆದಿದೀರಿ, ಕೇಳಿ. ಶನಿವಾರ ಸಂಜೆ. ಮುಂದೆ ಒಂದು. ಎಣಿಸಿ ನೋಡಿದೆ, ಸರಿ ಇದೆ."

"ಸರಿ ಇದೆ ಅಂತ ಬರೆದಿದೀನಾ?"

"ಬರೆದಿದೀರಿ. ನಿಮ್ಮದೇ ಅಕ್ಷರ."

"ಇನ್ನೊಂದ್ಸಲ ಓದು."

ಓದಿದೆ. ಆಮೇಲೆ ನಿಧಾನವಾಗಿ, ಅವರು ಗಿರಾಕಿಗಳಿಗೆ ಹೇಳುತ್ತಿದ್ದ ಹಾಗೇ ಒಂದೊಂದು ಮಾತನ್ನೂ ಬಿಡಿಸಿ ಹೇಳಿದೆ. "ನೀವು ಒಂದೇ ಸುತ್ತು ತಿರುಗಿಸಿದ್ದು ಅತ್ತೆ. ಶನಿವಾರ. ಸರಿಯಾಗೇ ತಿರುಗಿಸಿದ್ರಿ. ಎರಡನೇ ಸುತ್ತು ನಂದು. ಈಗ ನೀವು ತಿರುಗಿ ಹೇಳಿ."

ಅವರು ಮೂಗು ಒರೆಸಿಕೊಂಡದ್ದು ಕೇಳಿಸಿತು. ದೂರದಲ್ಲಿ ಅವರ ಮಗಳು, ಯಾರಮ್ಮ ಫೋನು, ಏನಾಯ್ತು ಎಂದು ಕೇಳುತ್ತಿದ್ದಳು. ನಾನು ಫೋನ್ ಕಿವಿಗೆ ಒತ್ತಿ ಹಿಡಿದು, ಐಸಣ್ಣನ ಮುಂದೆ ಅವರು ಕೂರುತ್ತಿದ್ದ ಹಾಗೆ, ಸುಮ್ಮನೆ ಕಾದೆ.

"ನಾನು ಒಂದೇ ಸುತ್ತು ತಿರುಗಿಸಿದ್ದು," ಎಂದರು ಅತ್ತೆ. "ಸರಿಯಾಗೇ ತಿರುಗಿಸಿದ್ದೆ."

"ಹೌದು ಅತ್ತೆ."

"ಚೀಟಿ ಕಳಿಸು," ಎಂದರು. "ಇವಳಿಗೆ ತೋರಿಸ್ಬೇಕು. ಇವತ್ತಿಂದ ಮಾತ್ರೆ ನಾನೇ ಎಣಿಸ್ಕೋತೀನಿ."